ಡಾ. ಯಲ್ಲಾಪ್ರಗಡ ಸುಬ್ಬರಾಯರು

ಆಡಿಕೊಂಡಿದ್ದ ಮಗು ಒಂದು ದಿನ ಆಟವನ್ನು ಬಿಟ್ಟು ಮೂಲೆ ಹಿಡಿಯುತ್ತದೆ. ಮೈ ಬಿಳಿಚುತ್ತದೆ; ಜ್ವರ ಬಿಟ್ಟು ಬಿಟ್ಟು ಬರುತ್ತದೆ; ಹಲ್ಲಿನ ವಸಡಿನಿಂದ ರಕ್ತ ಒಸರುತ್ತದೆ; ಎಲ್ಲಿಯೂ ಬೀಳದೆ, ಯಾರೂ ಹೊಡೆಯದೆ ಕೈಕಾಲುಗಳ ಮೇಲೆ ನೀಲಿಯ ಬಾಸುಂಡೆಗಳು ಏಳುತ್ತವೆ. ಎಲುಬು ನೋಯುತ್ತದೆಂದು ರಾತ್ರಿಯೆಲ್ಲ ಅಳುತ್ತದೆ. ಎಲುಬಿನೊಳಗಿನ ಮಜ್ಜೆಯು ಬಲಿಯದ ಬಿಳಿಯ ರಕ್ತಕಣಗಳನ್ನು ಮಿತಿಯಿಲ್ಲದೆ ಹೆತ್ತು, ಕೆಂಪು ಕಣಗಳಿಗೂ ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳಿಗೂ ಸ್ಥಳವೇ ಇಲ್ಲದಂತೆ ಮಾಡುವ ಈ ರೋಗಕ್ಕೆ ತೀವ್ರ ರಕ್ತಾರ್ಬುದವೆಂದು ಹೆಸರು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೂ ಇದನ್ನು ಕೆಲಕಾಲವಾದರೂ ಹಿಮ್ಮೆಟ್ಟಿಸಬಲ್ಲ ಔಷಧವು ಜಗತ್ತಿನ ಯಾವ ವೈದ್ಯನ ಕೈಯಲ್ಲಿಯೂ ಇರಲಿಲ್ಲ. ಹೊರಗಿನ ರಕ್ತವನ್ನು ಕೊಟ್ಟು ಕೆಲವು ದಿನ, ಕೆಲವು ವಾರ ನೂಕುತ್ತಿದ್ದರು. ಆಮೇಲೆ ತಾಯಿತಂದೆಗಳಿಗೆ ಮನೆಗೆ ಕರೆದೊಯ್ಯಲು ಹೇಳುತ್ತಿದ್ದರು.

1948ರ ಜೂನ್ ತಿಂಗಳಲ್ಲಿ ಅಮೇರಿಕೆಯ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಲೇಖನವೊಂದು ಅಚ್ಚಾಯಿತು. ಬೋಸ್ಟನ್ ನಗರದ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ಮತ್ತು ಅವರ ಸಹೋದ್ಯೋಗಿಗಳು ಅದನ್ನು ಬರೆದಿದ್ದರು. ಹದಿನಾರು ಮಕ್ಕಳಿಗೆ ಹೊಸದೊಂದು ದ್ರವ್ಯವನ್ನು ಚುಚ್ಚಿದ್ದಾಗಿಯೂ, ಅವರಲ್ಲಿ ಹತ್ತು ಮಕ್ಕಳಲ್ಲಿ ರೋಗ ಹಿಂದೆ ಸರಿದುದಾಗಿಯೂ ಅದರಲ್ಲಿತ್ತು. ಆ ದ್ರವ್ಯದ ಹೆಸರು ಅಮಿನೊಪ್ಟೆರಿನ್. ಅದು ಆಸ್ಪತ್ರೆಯಲ್ಲಿ ಹುಟ್ಟಿದ್ದಲ್ಲ. ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬ ಊರಿನ ಲೆಡರ್ಲೆ ಪ್ರಯೋಗಶಾಲೆಯಿಂದ ಬಂದಿತ್ತು. ಆ ಪ್ರಯೋಗಶಾಲೆಯ ಸಂಶೋಧನ ವಿಭಾಗಕ್ಕೆ ನಿರ್ದೇಶಕರಾಗಿದ್ದವರು ಆಂಧ್ರ ದೇಶದ ಭೀಮವರಂನಲ್ಲಿ ಹುಟ್ಟಿ, ಮೆಟ್ರಿಕ್ಯುಲೇಶನ್ ಪರೀಕ್ಷೆಯನ್ನು ಮೂರನೆಯ ಸಲಕ್ಕೆ ಪಾಸು ಮಾಡಿದ್ದ ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾಯರು.

ಇವರ ಹೆಸರನ್ನು ಹೇಳಿದಾಗ ನಮ್ಮ ತರಗತಿಯ ಗೆಳೆಯರಿಬ್ಬರು ಇವರು ನಮ್ಮ ಯಲ್ಲಾಪುರದ ಕಡೆಯವರೇ ಎಂದು ಕೇಳಿದರು. ಅಲ್ಲ, ಯಲ್ಲಾಪ್ರಗಡ ಎಂಬುದು ತೆಲುಗರ ಮನೆತನದ ಹೆಸರು. ಆದರೆ ಇವರ ಕೆಲಸದ ಫಲ ನಮ್ಮ ತಾಲೂಕಿನ ಔಷಧದ ಅಂಗಡಿಗಳವರೆಗೂ ಬಂದಿದೆ. ಹೆಸರು ಮಾತ್ರ ಬಂದಿಲ್ಲ.

ಸುಬ್ಬರಾಯರು ಹುಟ್ಟಿದ್ದು 1895ನೆಯ ಇಸವಿಯ ಜನವರಿ 12ರಂದು. ತಂದೆ ಜಗನ್ನಾಥಂ ಕಂದಾಯ ಇಲಾಖೆಯಲ್ಲಿ ನೌಕರರಾಗಿದ್ದು, ಅನಾರೋಗ್ಯದಿಂದ ಹೊತ್ತಿಗೆ ಮುಂಚೆಯೇ ನಿವೃತ್ತರಾದವರು. ತಾಯಿ ವೆಂಕಮ್ಮ. ಏಳು ಮಕ್ಕಳ ಸಂಸಾರ. ಮನೆಯಲ್ಲಿ ಬಡತನ ಕಾಲು ಚಾಚಿ ಕುಳಿತಿದ್ದ ಕಾಲದಲ್ಲಿ ಬೆಳೆದ ಹುಡುಗನಿಗೆ ಓದಿನ ಮೇಲೆ ಮನಸ್ಸು ನಿಲ್ಲಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ, ಕಾಶಿಯಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸಬಹುದೆಂದು ಲೆಕ್ಕ ಹಾಕಿ, ಸೋದರ ಸಂಬಂಧಿಯೊಬ್ಬನನ್ನು ಕರೆದುಕೊಂಡು ಮನೆಬಿಟ್ಟು ಓಡಿದ. ದಾರಿಯಲ್ಲಿಯೇ ಸಿಕ್ಕಿಬಿದ್ದು ಮರಳಿ ಬಂದ. ತಾಯಿ ಬಿಡಲಿಲ್ಲ. ರಾಜಮಹೇಂದ್ರಿಯ ಶಾಲೆಯಲ್ಲಿ ಸಾಗದಾಗ ಮದ್ರಾಸಿನ ಹಿಂದೂ ಹೈಸ್ಕೂಲಿಗೆ ಕಳಿಸಿದಳು. ಗಂಡ ತೀರಿಕೊಂಡ ಮೇಲೆ ತನ್ನ ಮೈಮೇಲಿನ ಒಡವೆಗಳನ್ನು ಕಳೆದು ಮಗನ ಓದಿಗೆ ಹಣ ಹೊಂದಿಸಿದಳು. ಮನೆತನದಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ಈ ಸಂಗತಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಡವೆಯ ಡಬ್ಬಿ ಹಗುರಾದಂತೆ ಪುಸ್ತಕದ ಚೀಲ ಭಾರವಾಗುವುದನ್ನು ನಾವು ನೋಡಿಯೇ ಬೆಳೆದಿದ್ದೇವೆ.

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತವನ್ನು ಹಿಡಿದರೂ ತರುಣನ ಒಲವು ರಾಮಕೃಷ್ಣ ಮಠದ ಕಡೆಗೆ ತಿರುಗಿತು. ಸಂನ್ಯಾಸಿಯಾಗಬೇಕೆಂದು ಹಠ ಹಿಡಿದ. ತಾಯಿಯ ಒಪ್ಪಿಗೆಯಿಲ್ಲದೆ ಮಠದವರು ಸೇರಿಸಿಕೊಳ್ಳುವಂತಿರಲಿಲ್ಲ. ವೆಂಕಮ್ಮನೋ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಸೇವೆಯೇ ಗುರಿಯಾದರೆ ವೈದ್ಯನಾಗು ಎಂದು ಮಠದವರು ದಾರಿ ತೋರಿದರು. ಹೀಗೆ ಸುಬ್ಬರಾಯರು ಮದ್ರಾಸ್ ಮೆಡಿಕಲ್ ಕಾಲೇಜನ್ನು ಸೇರಿದರು. ಫೀಜಿಗೆ ಗೆಳೆಯರೂ ಕಸ್ತೂರಿ ಸೂರ್ಯನಾರಾಯಣಮೂರ್ತಿ ಎಂಬ ಗೃಹಸ್ಥರೂ ನೆರವಾದರು. ಆ ಮೂರ್ತಿಗಳ ಮನೆತನದ ಶೇಷಗಿರಿ ಎಂಬ ಕನ್ಯೆಯೊಡನೆ 1919ರಲ್ಲಿ ಮದುವೆಯೂ ನಡೆಯಿತು.

ಅದು ಗಾಂಧೀಜಿಯವರ ಕರೆ ದೇಶವನ್ನೆಲ್ಲ ಅಲುಗಿಸುತ್ತಿದ್ದ ಕಾಲ. ಸುಬ್ಬರಾಯರು ವಿದೇಶಿ ಬಟ್ಟೆಯನ್ನು ಬಿಟ್ಟು, ಶಸ್ತ್ರಕ್ರಿಯೆಯ ಕೊಠಡಿಗೂ ಖಾದಿಯ ನಿಲುವಂಗಿಯನ್ನೇ ತೊಟ್ಟು ಹೋದರು. ಶಸ್ತ್ರವೈದ್ಯವನ್ನು ಕಲಿಸುತ್ತಿದ್ದ ಆಂಗ್ಲ ಪ್ರಾಧ್ಯಾಪಕನಿಗೆ ಇದು ಸರಿಬರಲಿಲ್ಲ. ಲಿಖಿತ ಪರೀಕ್ಷೆಗಳಲ್ಲಿ ಚೆನ್ನಾಗಿ ಬರೆದಿದ್ದರೂ ಇವರಿಗೆ ಎಂ.ಬಿ.ಬಿ.ಎಸ್. ಪದವಿ ಸಿಕ್ಕಲಿಲ್ಲ, ಅದಕ್ಕಿಂತ ಕೆಳದರ್ಜೆಯ ಎಲ್.ಎಂ.ಎಸ್. ಪ್ರಮಾಣಪತ್ರ ಮಾತ್ರ ದೊರೆಯಿತು. ಅದನ್ನು ಹಿಡಿದುಕೊಂಡು ಸರಕಾರಿ ವೈದ್ಯಕೀಯ ಸೇವೆಗೆ ಅರ್ಜಿ ಹಾಕಿದರೆ ಅಲ್ಲಿಯೂ ಬಾಗಿಲು ಮುಚ್ಚಿತು. ಮುಂದೆ ಜಗತ್ತಿನ ಆಸ್ಪತ್ರೆಗಳಿಗೆ ಒಂದಾದ ಮೇಲೊಂದು ಮದ್ದನ್ನು ಒದಗಿಸಿದ ಮನುಷ್ಯನಿಗೆ ತಾಯ್ನಾಡಿನ ಸರಕಾರ ಒಂದು ದವಾಖಾನೆಯ ಕೆಲಸವನ್ನೂ ಕೊಡಲಿಲ್ಲ. ಕೊಟ್ಟಿದ್ದರೆ ಎಲ್ಲೋ ಒಂದು ತಾಲೂಕಿನ ಊರಿನಲ್ಲಿ ಒಳ್ಳೆಯ ಡಾಕ್ಟರರಾಗಿ ಹೆಸರು ಪಡೆದು ತೀರಿಕೊಳ್ಳುತ್ತಿದ್ದರೋ ಏನೋ.

ಈ ನಡುವೆ ಮನೆಯಲ್ಲಿ ಬಂದೆರಗಿದ ಕೇಡು ಅವರ ಬಾಳಿನ ದಿಕ್ಕನ್ನು ಬದಲಿಸಿತು. ಉಂಡದ್ದು ಮೈಗೆ ಹತ್ತದೆ, ಬೇಧಿ ನಿಲ್ಲದೆ, ನಾಲಿಗೆ ಹುಣ್ಣಾಗಿ, ರಕ್ತ ಬತ್ತಿ ಮನುಷ್ಯ ಕಡ್ಡಿಯಾಗುವ ರೋಗವೊಂದುಂಟು. ನಮ್ಮ ಆಯುರ್ವೇದದವರು ಅದನ್ನು ಗ್ರಹಣಿ, ಸಂಗ್ರಹಣಿ ಎಂಬ ಹೆಸರುಗಳಿಂದ ಬಲ್ಲರು. ಇಂಗ್ಲೀಷ್ ವೈದ್ಯದಲ್ಲಿ ಸ್ಪ್ರೂ ಎನ್ನುತ್ತಾರೆ. ಈ ರೋಗದಿಂದ ಸುಬ್ಬರಾಯರ ಸೋದರರಿಬ್ಬರು ಕೆಲವೇ ದಿನಗಳ ಅಂತರದಲ್ಲಿ ಕಣ್ಮುಚ್ಚಿದರು. ಸ್ವತಃ ವೈದ್ಯನಾಗಲು ಹೊರಟವನು ನೋಡುತ್ತ ಕುಳಿತಿರಬೇಕಾಯಿತು. ಆಮೇಲೆ ಅದೇ ರೋಗ ಅವರನ್ನೂ ಹಿಡಿಯಿತು. ಮದ್ರಾಸಿನ ಡಾಕ್ಟರ್ ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಚಿಕಿತ್ಸೆಯಿಂದ ಬದುಕಿ ಉಳಿದರು. ಬದುಕಿದ ಮೇಲೆ ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿಯೇ ಶರೀರರಚನೆಯ ಅಧ್ಯಾಪಕರಾಗಿ ಕೆಲಕಾಲ ನಿಂತರು. ಗಿಡಮೂಲಿಕೆಯಲ್ಲಿ, ಪ್ರಾಣಿಯ ಅಂಗದಲ್ಲಿ, ಮಣ್ಣಿನಲ್ಲಿ ಇರುವ ಗುಣವು ಯಾವುದೋ ಒಂದು ನಿಶ್ಚಿತ ದ್ರವ್ಯದ್ದಾಗಿರಬೇಕು. ಅದನ್ನು ಬೇರ್ಪಡಿಸಿ ಕೈಯಲ್ಲಿ ಹಿಡಿಯಬೇಕು ಎಂಬ ವಿಚಾರ ಅವರಲ್ಲಿ ಬೇರೂರಿದ್ದು ಅಲ್ಲಿಯೇ ಎಂದು ನನಗೆ ತೋರುತ್ತದೆ.

ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯಕರ್ ಧರ್ಮನಿಧಿಯ ಆಶ್ವಾಸನೆ ಮತ್ತು ಮಾವನ ಕಡೆಯವರ ಸಹಾಯ ಇವೆರಡನ್ನು ನಂಬಿ, ಮೂವತ್ತು ತುಂಬುವ ಮೊದಲೇ ಸುಬ್ಬರಾಯರು ಹಡಗು ಹತ್ತಿ ಬೋಸ್ಟನ್ ನಗರವನ್ನು ಮುಟ್ಟಿದರು. ಗರ್ಭಿಣಿಯಾಗಿದ್ದ ಹೆಂಡತಿಯನ್ನು ಊರಿನಲ್ಲಿ ಬಿಟ್ಟಿದ್ದರು. ಕೆಲವೇ ವರ್ಷಗಳಲ್ಲಿ ಮರಳುವೆನೆಂದು ಹೇಳಿ ಹೊರಟವರು ಮತ್ತೆಂದೂ ಬರಲಿಲ್ಲ. ಅವರು ಹೋದ ಮೇಲೆ ಹುಟ್ಟಿದ ಗಂಡುಮಗು ವರ್ಷ ತುಂಬುವುದರೊಳಗೆ ಸೋಂಕಿನಿಂದ ತೀರಿಕೊಂಡಿತು. ತಂದೆ ಅದರ ಮುಖವನ್ನು ಕಾಣಲಿಲ್ಲ. ದೊಡ್ಡವರ ಚರಿತ್ರೆಯನ್ನು ಬರೆಯುವವರು ಇಂಥ ಸಂಗತಿಗಳನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ನನಗೆ ಹಾಗೆ ದಾಟಲು ಮನಸ್ಸಾಗುವುದಿಲ್ಲ. ಇಪ್ಪತ್ತೈದು ವರ್ಷ ಕಾದ ಶೇಷಗಿರಿಯಮ್ಮನವರ ಪಾಲಿನ ವೆಚ್ಚವನ್ನು ಯಾವ ಪ್ರಯೋಗಶಾಲೆಯ ಲೆಕ್ಕದಲ್ಲಿಯೂ ಬರೆದಿಟ್ಟಿಲ್ಲ. ಸುಬ್ಬರಾಯರದು ತಪ್ಪೆಂದು ತೀರ್ಪು ಹೇಳುವ ಅಧಿಕಾರ ನನಗಿಲ್ಲ. ಸರಿಯೆಂದು ಹೇಳಲೂ ನಾಲಿಗೆ ಏಳುವುದಿಲ್ಲ.

ಬೋಸ್ಟನ್ನಿನಲ್ಲಿ ಉಷ್ಣವಲಯದ ರೋಗಗಳ ಶಾಲೆಯಲ್ಲಿ ಡಿಪ್ಲೊಮಾ ಓದುತ್ತಿರುವಾಗ ಕೈಯಲ್ಲಿ ಕಾಸಿರಲಿಲ್ಲ. ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರಾತ್ರಿಯ ಪಾಳಿ ಹಿಡಿದು, ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವ ಕೆಲಸ ಮಾಡಿದರು. ಹಗಲು ಓದು, ರಾತ್ರಿ ಈ ಚಾಕರಿ. ಡಿಪ್ಲೊಮಾ ಮುಗಿದ ಮೇಲೆ ಹಾರ್ವರ್ಡ್ ವೈದ್ಯಕೀಯ ಶಾಲೆಯ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಎಂಬ ಪ್ರಾಧ್ಯಾಪಕರ ಕೈಕೆಳಗೆ ಸೇರಿದರು.

ಅಲ್ಲಿ ಅವರು ಮಾಡಿದ ಮೊದಲ ಕೆಲಸ ಬಹಳ ಸಣ್ಣದಾಗಿ ಕಾಣುತ್ತದೆ. ರಕ್ತದಲ್ಲಿ, ಮೂತ್ರದಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವುದು ಹೇಗೆ? ರಂಜಕವೆಂದರೆ ಫಾಸ್ಫರಸ್. ಹಳೆಯ ವಿಧಾನಗಳು ನಿಧಾನವಾದವು, ನೆಚ್ಚಿಕೆಯಿಲ್ಲದವು. ಫಿಸ್ಕ್ ಮತ್ತು ಸುಬ್ಬರಾಯರು ಮಾಲಿಬ್ಡೇಟ್ ಎಂಬ ಲವಣವನ್ನು ಬೆರೆಸಿ, ಇನ್ನೊಂದು ದ್ರವ್ಯದಿಂದ ಅದಕ್ಕೆ ನೀಲಿ ಬಣ್ಣ ಬರಿಸುವ ಉಪಾಯವನ್ನು ಸಿದ್ಧಪಡಿಸಿದರು. ನೀಲಿ ಗಾಢವಾದಷ್ಟೂ ರಂಜಕ ಹೆಚ್ಚು. 1925ರಲ್ಲಿ ಪ್ರಕಟವಾದ ಈ ವಿಧಾನವನ್ನು ಜಗತ್ತಿನ ಜೀವರಸಾಯನ ವಿದ್ಯಾರ್ಥಿಗಳು ಇವರಿಬ್ಬರ ಹೆಸರಿನಿಂದಲೇ ಕಲಿತರು.

ಆದರೆ ಸ್ನಾಯುವಿನ ಸಾರವನ್ನು ಹೀಗೆ ಪರೀಕ್ಷಿಸಿದಾಗ ಒಂದು ವಿಚಿತ್ರ ಕಂಡಿತು. ನೀಲಿ ಬಣ್ಣ ಬರಬೇಕಾದ ವೇಗದಲ್ಲಿ ಬಾರದೆ, ತಡವಾಗಿ, ಸ್ವಲ್ಪ ಸ್ವಲ್ಪವೇ ಏರುತ್ತ ಹೋಯಿತು. ಬೇರೆಯವರಾಗಿದ್ದರೆ ಪಾತ್ರೆ ಸರಿಯಾಗಿ ತೊಳೆದಿಲ್ಲವೆಂದು ಚೆಲ್ಲಿಬಿಡುತ್ತಿದ್ದರು. ಇವರು ಆ ತಡವನ್ನೇ ಹಿಡಿದುಕೊಂಡರು. ಸ್ನಾಯುವಿನಲ್ಲಿ ರಂಜಕವನ್ನು ತನ್ನೊಳಗೆ ಸಡಿಲವಾಗಿ ಕಟ್ಟಿಕೊಂಡಿರುವ ಯಾವುದೋ ವಸ್ತುವಿರಬೇಕು. ಆಮ್ಲದಲ್ಲಿ ಅದು ಮೆಲ್ಲನೆ ಒಡೆದು ರಂಜಕವನ್ನು ಬಿಟ್ಟುಕೊಡುತ್ತಿರಬೇಕು. 1927ರಲ್ಲಿ ಆ ವಸ್ತು ಫಾಸ್ಫೊಕ್ರಿಯಾಟಿನ್ ಎಂದು ಗೊತ್ತಾಯಿತು. ಅದೇ ವರ್ಷ ಇಂಗ್ಲೆಂಡಿನ ಎಗಲ್ಟನ್ ದಂಪತಿಗಳೂ ಇದನ್ನು ಬೇರೆಯಾಗಿ ಕಂಡಿದ್ದರು. ಎರಡು ವರ್ಷ ಕಳೆದು 1929ರಲ್ಲಿ ಎ.ಟಿ.ಪಿ. ಎಂದು ಇಂದು ಹೈಸ್ಕೂಲಿನ ಮಕ್ಕಳೂ ಉರು ಹೊಡೆಯುವ ದ್ರವ್ಯವನ್ನು ಜರ್ಮನಿಯಲ್ಲಿ ಲೋಮನ್ ಮತ್ತು ಹಾರ್ವರ್ಡಿನಲ್ಲಿ ಇವರಿಬ್ಬರು ಸ್ವತಂತ್ರವಾಗಿ ಬೇರ್ಪಡಿಸಿದರು. ನಾವು ಓಡುವಾಗ, ಮರ ಹತ್ತುವಾಗ, ಕೊನೆಗೆ ಕಣ್ಣು ರೆಪ್ಪೆ ಬಡಿಯುವಾಗಲೂ ಸ್ನಾಯುವಿಗೆ ಶಕ್ತಿಯನ್ನು ಒದಗಿಸುವುದು ಇದೇ. ಸ್ನಾಯುವಿನ ಶಕ್ತಿಗೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂದು ಅದುವರೆಗೆ ನಂಬಿದ್ದವರು, 1922ರ ನೊಬೆಲ್ ಪಾರಿತೋಷಕವನ್ನು ಪಡೆದಿದ್ದ ಪಂಡಿತರು ಕೂಡ, ತಮ್ಮ ಪಾಠವನ್ನು ತಿದ್ದಿಕೊಳ್ಳಬೇಕಾಯಿತು.

1930ರಲ್ಲಿ ಡಾಕ್ಟರೇಟ್ ಬಂತು. ಆದರೆ ಕಾಯಂ ಹುದ್ದೆ ಬರಲಿಲ್ಲ. ಗುರುವಿನ ಬಡ್ತಿಗೆ ಅಡ್ಡಿಯಾಗಬಾರದೆಂದು ಸುಬ್ಬರಾಯರು ತಮ್ಮ ಪಾಲಿನ ಕೀರ್ತಿಯನ್ನು ಫಿಸ್ಕ್ ಅವರಿಗೇ ಬಿಟ್ಟುಕೊಟ್ಟರೆಂದು ಅವರ ಜೀವನಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಅದಕ್ಕೆ ದೊರೆತ ಪ್ರತಿಫಲವೂ ದಾಖಲೆಯಲ್ಲಿದೆ. ಹಾರ್ವರ್ಡಿನಲ್ಲಿ ಆಗ ವಿದ್ಯಾರ್ಥಿಯಾಗಿದ್ದು, 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ಅವರು, ಸುಬ್ಬರಾಯರು ಬೇರ್ಪಡಿಸಿದ್ದ ಕೆಲವು ದ್ರವ್ಯಗಳನ್ನು ಎಷ್ಟೋ ವರ್ಷಗಳ ಮೇಲೆ ಬೇರೆಯವರು ಮತ್ತೆ ಕಂಡುಹಿಡಿಯಬೇಕಾಯಿತೆಂದೂ, ಫಿಸ್ಕ್ ಅವರ ಮತ್ಸರದಿಂದ ಅವು ಬೆಳಕಿಗೆ ಬರಲಿಲ್ಲವೆಂದೂ ಹೇಳಿದ್ದಾರೆ. ಮದ್ರಾಸಿನಲ್ಲಿ ಖಾದಿ ಅಡ್ಡಬಂದಿತ್ತು. ಇಲ್ಲಿ ಅಡ್ಡಬಂದದ್ದು ತಾನೇ ಬಾಗಿದ ಬೆನ್ನು. ಗುರುಭಕ್ತಿಗೂ ಒಂದು ಮೇರೆ ಇರಬೇಕೆಂದು ನನ್ನ ಅಭಿಪ್ರಾಯ. ಇದನ್ನು ಓದುವ ನಮ್ಮ ಅಧ್ಯಾಪಕರು ಕ್ಷಮಿಸಬೇಕು.

1940ರಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ, ಸುಬ್ಬರಾಯರು ಹಾರ್ವರ್ಡನ್ನು ಬಿಟ್ಟು ಲೆಡರ್ಲೆ ಕಂಪನಿಯ ಪ್ರಯೋಗಶಾಲೆಗೆ ಹೋದರು. ಎರಡೇ ವರ್ಷಗಳಲ್ಲಿ ಸಂಶೋಧನ ನಿರ್ದೇಶಕರಾದರು. ವಿದ್ಯಾಪೀಠವನ್ನು ಬಿಟ್ಟು ವ್ಯಾಪಾರದ ಸಂಸ್ಥೆಗೆ ಹೋಗುವುದೆಂದರೆ ಆಗ ವಿದ್ವಾಂಸರಲ್ಲಿ ಒಂದು ಬಗೆಯ ತಾತ್ಸಾರವಿತ್ತು. ಆದರೆ ಅವರ ಬಾಳಿನ ದೊಡ್ಡ ಕೆಲಸಗಳೆಲ್ಲ ಮುಂದಿನ ಎಂಟು ವರ್ಷಗಳಲ್ಲಿ, ಆ ಕಾರಖಾನೆಯ ಅಂಗಳದಲ್ಲಿಯೇ ಆದವು.

ಇದರಲ್ಲಿ ಮೊದಲನೆಯದು ಸೋದರರನ್ನು ಕೊಂದ ಸಂಗ್ರಹಣಿಯ ಬೆನ್ನಟ್ಟುವಿಕೆ. ಇದರ ಹಿಂದಿನ ಕಥೆ ನಮ್ಮ ಮುಂಬಯಿಗೆ ಸಂಬಂಧಿಸಿದೆ. (ನಮ್ಮ ಜಿಲ್ಲೆ 1956ರ ತನಕ ಮುಂಬಯಿ ಆಡಳಿತದಲ್ಲಿದ್ದುದರಿಂದ ನಮ್ಮ ಅಜ್ಜಂದಿರಿಗೆ ಮುಂಬಯಿಯೇ ರಾಜಧಾನಿ.) 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಗಿರಣಿಯಲ್ಲಿ ದುಡಿಯುವ ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಕ್ಷಯವನ್ನು ಅಭ್ಯಸಿಸಿದರು. ಯೀಸ್ಟಿನ ಸಾರವನ್ನು ಕೊಟ್ಟರೆ ಆ ಬಡ ಹೆಂಗಸರ ರಕ್ತ ತುಂಬಿಕೊಳ್ಳುತ್ತಿತ್ತು. 1931ರಲ್ಲಿ ಇದು ಪ್ರಕಟವಾಯಿತು. ಯೀಸ್ಟಿನಲ್ಲಿಯೂ ಪ್ರಾಣಿಗಳ ಪಿತ್ತಕೋಶದ ನೆರೆಯ ಯಕೃತ್ತಿನಲ್ಲಿಯೂ ಏನೋ ಒಂದು ಜೀವಸತ್ವವಿದೆಯೆಂಬುದು ಖಚಿತವಾಯಿತು. ಅದೇನು ಎಂಬುದು ಮಾತ್ರ ತಿಳಿಯದು. 1941ರಲ್ಲಿ ಅಮೇರಿಕೆಯ ಕೆಲವರು ನಾಲ್ಕು ಟನ್ನು ಪಾಲಕ ಸೊಪ್ಪನ್ನು ಕುದಿಸಿ ಸೋಸಿ ಅಂಥದೊಂದು ದ್ರವ್ಯವನ್ನು ಸ್ವಲ್ಪ ಪಡೆದರು. ಎಲೆಯಿಂದ ಬಂದುದರಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು.

ಸುಬ್ಬರಾಯರ ಬಳಗ ಯಕೃತ್ತನ್ನು ಹಿಡಿಯಿತು. ಪ್ರಕೃತಿಯ ಪದಾರ್ಥದಿಂದ ಶುದ್ಧ ದ್ರವ್ಯವನ್ನು ಬೇರ್ಪಡಿಸುವ ಕೆಲಸ ಎಂಥದೆಂದು ತಿಳಿಯಬೇಕಾದರೆ ನಮ್ಮೂರ ಕಡೆಯ ಆಲೆಮನೆಯನ್ನು ನೆನೆಯಬೇಕು. ಗಾಡಿಗಟ್ಟಲೆ ಕಬ್ಬು, ಕೊಪ್ಪರಿಗೆ ತುಂಬ ರಸ, ಕೊನೆಗೆ ಉಳಿಯುವ ಬೆಲ್ಲ ಎಷ್ಟು? ಇಲ್ಲಿ ಆ ಬೆಲ್ಲ ಒಂದು ಚಿಟಿಕೆಯಷ್ಟೂ ಇಲ್ಲ. ರಾಶಿ ರಾಶಿ ಯಕೃತ್ತಿನಿಂದ ಕಡೆಗೆ ದೊರೆಯುವುದು ಹಳದಿಯ ಕೆಲವು ಹರಳು. 1943ರಲ್ಲಿ ಲೆಡರ್ಲೆಯ ಸ್ಟೋಕ್‌ಸ್ಟಾಡ್ ಅವರು ಆ ಹರಳನ್ನು ಪಡೆದರು. ಹರಳನ್ನು ಒಡೆದು ನೋಡಿದರೆ ಮೂರು ತುಂಡು. ಒಂದು ಟೆರಿಡಿನ್, ಇದರ ಬಳಗದ ಬಣ್ಣಗಳನ್ನು ಮೊದಲು ಕಂಡದ್ದು ಚಿಟ್ಟೆಗಳ ರೆಕ್ಕೆಯಲ್ಲಿ! ಇನ್ನೊಂದು ಪ್ಯಾರಾ-ಅಮೈನೊಬೆನ್ಜೊಯಿಕ್ ಆಮ್ಲ. ಮೂರನೆಯದು ಬೇಳೆಕಾಳುಗಳಲ್ಲಿಯೂ ಇರುವ ಗ್ಲುಟಾಮಿಕ್ ಆಮ್ಲ. ತುಂಡುಗಳನ್ನು ಹೇಗೆ ಜೋಡಿಸಿದೆಯೆಂದು ತಿಳಿದ ಮೇಲೆ, ಯಕೃತ್ತಿನ ಹಂಗಿಲ್ಲದೆ ಗಾಜಿನ ಪಾತ್ರೆಯಲ್ಲಿಯೇ ಅದನ್ನು ಕಟ್ಟಿದರು. 1946ರಲ್ಲಿ ಆ ರಚನೆಯನ್ನು ಸಾರಿದ ಲೇಖನಕ್ಕೆ ಹದಿನಾರು ಜನರ ಹೆಸರುಗಳಿವೆ. ಆ ಸಾಲಿನ ನಡುವೆ ಎಲ್ಲೋ ನಿರ್ದೇಶಕರ ಹೆಸರೂ ಸೇರಿಕೊಂಡಿದೆ.

ಕ್ಯೂಬಾ ದೇಶದಲ್ಲಿ ಟಾಮ್ ಸ್ಪೈಸ್ ಎಂಬ ವೈದ್ಯರು ಸಂಗ್ರಹಣಿಯಿಂದ ಬಳಲುತ್ತಿದ್ದವರಿಗೆ ಇದನ್ನು ಕೊಟ್ಟರು. ಹಾಸಿಗೆ ಹಿಡಿದಿದ್ದವರು ಎದ್ದು ಕುಳಿತರು, ಊಟ ಬೇಡಿದರು. ಭೀಮವರಂನ ಆ ಇಬ್ಬರು ಸೋದರರಿಗೆ ಇಪ್ಪತ್ತೈದು ವರ್ಷ ತಡವಾಗಿ ಮದ್ದು ಸಿಕ್ಕಿತ್ತು. ನಮ್ಮ ಊರುಗಳಲ್ಲಿ ಇಂದು ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯೊಳಗೆ ಇರುವ ಫೋಲಿಕ್ ಆಮ್ಲ ಇದೇ.

ಇನ್ನು ರಕ್ತಾರ್ಬುದದ ಮಾತು. ಇದು ಸರಳ ರೇಖೆಯಲ್ಲಿ ನಡೆದ ಕಥೆಯಲ್ಲ. ರಕ್ತವನ್ನು ಹೆಚ್ಚಿಸುವ ಮದ್ದು ರಕ್ತದ ರೋಗಕ್ಕೆಲ್ಲ ಒಳ್ಳೆಯದಾಗಬಹುದೆಂದು ಯಾರಿಗಾದರೂ ತೋರುವುದು ಸಹಜ. ಬೋಸ್ಟನ್ನಿನ ಫಾರ್ಬರ್ ಅವರು ಮೂಲತಃ ಸತ್ತವರ ದೇಹವನ್ನು ಪರೀಕ್ಷಿಸುವ ರೋಗಶಾಸ್ತ್ರಜ್ಞರು. ಲೆಡರ್ಲೆಯಿಂದ ಬಂದ ಫೋಲಿಕ್ ಆಮ್ಲದ ಸಂಯುಕ್ತಗಳನ್ನು ರೋಗಗ್ರಸ್ತ ಮಕ್ಕಳಿಗೆ ಕೊಟ್ಟಾಗ, ಮಜ್ಜೆಯಲ್ಲಿ ರೋಗವು ಇಳಿಯುವ ಬದಲು ಮತ್ತಷ್ಟು ವೇಗವಾಗಿ ಹಬ್ಬಿದಂತೆ ಅವರಿಗೆ ಕಂಡಿತು. ಭಯಂಕರವಾದ ಸಂಗತಿ. ಆದರೆ ಅದರೊಳಗೇ ಸುಳಿವಿತ್ತು. ಈ ಜೀವಸತ್ವ ರೋಗದ ಕಣಗಳಿಗೆ ಮೇವಾಗುವುದಾದರೆ, ಮೇವನ್ನು ಕಸಿದರೆ ಹೇಗೆ?

ಮೇವನ್ನು ಕಸಿಯುವ ದ್ರವ್ಯಗಳನ್ನು ಸಿದ್ಧಪಡಿಸಿ ಕೊಟ್ಟವರು ಸುಬ್ಬರಾಯರ ಬಳಗದವರು. ಅದರ ತತ್ವ ಖೊಟ್ಟಿ ಕೀಲಿಕೈಯದು. ನಿಜವಾದ ಕೀಲಿಕೈಯನ್ನೇ ಹೋಲುವ, ಆದರೆ ಒಂದು ಹಲ್ಲು ಬೇರೆಯಾಗಿರುವ ಕೀಲಿಕೈಯನ್ನು ಬೀಗದಲ್ಲಿ ತೂರಿಸಿದರೆ ಅದು ಒಳಗೆ ಹೋಗುತ್ತದೆ, ತಿರುಗುವುದಿಲ್ಲ, ಹೊರಗೂ ಬರುವುದಿಲ್ಲ. ನಿಜವಾದ ಕೀಲಿಕೈಗೂ ಸ್ಥಳವಿಲ್ಲದಂತೆ ಮಾಡುತ್ತದೆ. ಫೋಲಿಕ್ ಆಮ್ಲದ ಅಣುವಿನಲ್ಲಿ ಒಂದು ಕಡೆ ಆಮ್ಲಜನಕದ ಗುಂಪೊಂದು ಇರುವಲ್ಲಿ ಸಾರಜನಕದ ಅಮೈನೊ ಗುಂಪನ್ನು ಕೂಡಿಸಿದರು. ಅಷ್ಟೇ ವ್ಯತ್ಯಾಸ. ಅದೇ ಅಮಿನೊಪ್ಟೆರಿನ್. ಇನ್ನೊಂದು ಕಡೆಗೆ ಮೀಥೈಲ್ ಎಂಬ ಸಣ್ಣ ಗುಂಪನ್ನು ಅಂಟಿಸಿದರೆ ಅಮೆಥೊಪ್ಟೆರಿನ್. ಇದೇ ಮುಂದೆ ಮೆಥೊಟ್ರೆಕ್ಸೇಟ್ ಎಂದು ಹೆಸರಾಯಿತು. ಈ ಖೊಟ್ಟಿ ದ್ರವ್ಯ ಜೀವಕೋಶದೊಳಗೆ ಹೊಕ್ಕು, ಫೋಲಿಕ್ ಆಮ್ಲವನ್ನು ಬಳಕೆಗೆ ಸಿದ್ಧಪಡಿಸುವ ಕಿಣ್ವವನ್ನು ಹಿಡಿದು ಕಟ್ಟಿಹಾಕುತ್ತದೆ. ಆಗ ಕೋಶಕ್ಕೆ ಹೊಸ ಡಿ.ಎನ್.ಎ. ಕಟ್ಟಲು ಸಾಧನವಿಲ್ಲ, ಒಡೆದು ಎರಡಾಗಲು ಆಗದು. ಬೇಗ ಬೇಗ ಹೆಚ್ಚುವ ಕೋಶಕ್ಕೆ ಪೆಟ್ಟು ಹೆಚ್ಚು. ರೋಗದ ಕೋಶಗಳಿಗೆ ಮಾತ್ರವಲ್ಲ, ಬಾಯಿಯ ಒಳಪದರಕ್ಕೂ ಕರುಳಿಗೂ ಅದೇ ಪೆಟ್ಟು. ಆದುದರಿಂದ ಈ ಮದ್ದನ್ನು ತೂಗಿ ಅಳೆದು ಕೊಡಬೇಕು.

1947ರ ಕೊನೆಯಲ್ಲಿ ಅಮಿನೊಪ್ಟೆರಿನ್ ಬೋಸ್ಟನ್ನನ್ನು ಮುಟ್ಟಿತು. ಅಲ್ಲಿಯ ಎಷ್ಟೋ ವೈದ್ಯರಿಗೆ ಈ ಕೆಲಸ ಒಪ್ಪಿಗೆಯಿರಲಿಲ್ಲ. ಸಾಯುವ ಮಗುವನ್ನು ನೆಮ್ಮದಿಯಿಂದ ಸಾಯಲು ಬಿಡದೆ ಸೂಜಿ ಚುಚ್ಚಿ ಹಿಂಸಿಸುವುದೇಕೆ ಎಂಬುದು ಅವರ ಆಕ್ಷೇಪ. ಆ ಆಕ್ಷೇಪವನ್ನು ಹಗುರಾಗಿ ತೆಗೆದುಹಾಕಲು ಬಾರದು. ಅದನ್ನು ಮಾಡಿದವರು ಕೆಟ್ಟವರಾಗಿರಲಿಲ್ಲ. ಅವರು ಅದುವರೆಗೆ ಒಂದು ಮಗುವೂ ಉಳಿದುದನ್ನು ಕಂಡಿರಲಿಲ್ಲ. ಹದಿನಾರರಲ್ಲಿ ಹತ್ತು ಮಕ್ಕಳು ಚೇತರಿಸಿಕೊಂಡರು. ಉಬ್ಬಿದ್ದ ಹೊಟ್ಟೆ ಇಳಿಯಿತು, ರಕ್ತಸ್ರಾವ ನಿಂತಿತು, ನಡೆಯಲಾರದವು ನಡೆದವು. ಆದರೆ ಅದು ತಾತ್ಕಾಲಿಕ. ಕೆಲವು ತಿಂಗಳುಗಳ ಮೇಲೆ ರೋಗ ಮರಳಿ ಬಂದು ಮಕ್ಕಳನ್ನು ಒಯ್ದಿತು. ಫಾರ್ಬರ್ ಅವರೂ ತಮ್ಮ ಲೇಖನದಲ್ಲಿ ಇದನ್ನು ಗುಣವೆಂದು ಕರೆಯದೆ, ತಾತ್ಕಾಲಿಕ ಶಮನವೆಂದೇ ಕರೆದರು. ಆದರೂ ಕಲ್ಲಿನ ಗೋಡೆಯೆಂದು ತಿಳಿದಿದ್ದಲ್ಲಿ ಒಂದು ಬಾಗಿಲು ಇದೆಯೆಂದು ಅಂದು ಗೊತ್ತಾಯಿತು.

ಇದೇ ಎಂಟು ವರ್ಷಗಳ ಅವಧಿಯಲ್ಲಿ ಲೆಡರ್ಲೆಯಿಂದ ಬಂದ ಇನ್ನೆರಡು ಮದ್ದುಗಳನ್ನು ಹೇಳಲೇಬೇಕು. ಬೇರೆ ಬೇರೆ ಕಡೆಯ ಮಣ್ಣನ್ನು ತರಿಸಿ, ಅದರಲ್ಲಿ ಬದುಕುವ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಅವು ಸ್ರವಿಸುವ ದ್ರವ್ಯಗಳನ್ನು ಪರೀಕ್ಷಿಸುವ ಕೆಲಸಕ್ಕೆ ಎಪ್ಪತ್ತು ದಾಟಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ದಗ್ಗರ್ ಅವರನ್ನು ನಿಯಮಿಸಿದ್ದರು. ಮಿಸ್ಸೂರಿ ವಿಶ್ವವಿದ್ಯಾಲಯದ ಹೊಲವೊಂದರ ಮಣ್ಣಿನಲ್ಲಿ ಬಂಗಾರದ ಬಣ್ಣದ ಜೀವಿಯೊಂದು ಸಿಕ್ಕಿತು. ಅದು ಕೊಟ್ಟ ಔರಿಯೊಮೈಸಿನ್ 1948ರಲ್ಲಿ ಪ್ರಕಟವಾಯಿತು. ಟೆಟ್ರಸೈಕ್ಲಿನ್ ಮನೆತನದ ಮೊದಲ ಕೂಸು ಅದು. 1994ರಲ್ಲಿ ಸೂರತ್ ನಗರದಲ್ಲಿ ಪ್ಲೇಗಿನ ಭಯ ಹಬ್ಬಿದಾಗ ಜನ ಸಾಲುಗಟ್ಟಿ ಕೊಂಡದ್ದು ಆ ಮನೆತನದ ಮಾತ್ರೆಗಳನ್ನೇ. ಎರಡನೆಯದು 1947ರಲ್ಲಿ ಬಂದ ಹೆಟ್ರಜಾನ್, ಅಂದರೆ ಡೈಈಥೈಲ್‌ಕಾರ್ಬಮಜೀನ್. ನಮ್ಮ ಜಿಲ್ಲೆಯ ಕರಾವಳಿಯಲ್ಲಿ ಆನೆಕಾಲು ರೋಗದವರನ್ನು ನೋಡದ ಹಿರಿಯರು ಅಪರೂಪ. ಘಟ್ಟದ ಕೆಳಗೆ ಆರೋಗ್ಯ ಇಲಾಖೆಯವರು ಮನೆಮನೆಗೆ ಹೋಗಿ ಆ ರೋಗಕ್ಕಾಗಿ ನುಂಗಿಸಿದ ಡಿ.ಇ.ಸಿ. ಮಾತ್ರೆ ಇದೇ ಮದ್ದು.

1948ರ ಆಗಸ್ಟ್ ತಿಂಗಳಲ್ಲಿ, ಫಾರ್ಬರ್ ಅವರ ಲೇಖನ ಬಂದು ಎರಡು ತಿಂಗಳಾಗಿತ್ತಷ್ಟೆ, ಸುಬ್ಬರಾಯರು ಒಂದು ರಾತ್ರಿ ಮಲಗಿದವರು ಬೆಳಗ್ಗೆ ಏಳಲಿಲ್ಲ. ಹೃದಯಾಘಾತ. ವಯಸ್ಸು ಐವತ್ತಮೂರು. ಭಾರತ ಸ್ವತಂತ್ರವಾಗಿ ಒಂದು ವರ್ಷ ತುಂಬುವುದರಲ್ಲಿತ್ತು. 1946ರ ಕಾಯಿದೆಯಿಂದ ಅಮೇರಿಕೆಯ ಪೌರತ್ವ ಭಾರತೀಯರಿಗೆ ತೆರೆದಿದ್ದರೂ ಅವರು ಅದನ್ನು ಪಡೆದಿರಲಿಲ್ಲ.

ಅವರು ಬಿಟ್ಟುಹೋದ ಕೆಲಸವನ್ನು ಬೇರೆಯವರು ಮುಂದುವರಿಸಿದರು. ಅಮಿನೊಪ್ಟೆರಿನ್‌ಗಿಂತ ಮೆಥೊಟ್ರೆಕ್ಸೇಟ್ ಹೆಚ್ಚು ನೆಚ್ಚಿಕೆಯದೆಂದು ಕಂಡು ಅದೇ ನಿಂತಿತು. 1956ರಲ್ಲಿ ಗರ್ಭದ ಪೊರೆಯಿಂದ ಹುಟ್ಟುವ ಒಂದು ಅರ್ಬುದ ಈ ಒಂದೇ ಮದ್ದಿನಿಂದ ಗುಣವಾದುದು ಪ್ರಕಟವಾಯಿತು. ಮಕ್ಕಳ ರಕ್ತಾರ್ಬುದಕ್ಕೆ ಮಾತ್ರ ಒಂಟಿ ಮದ್ದು ಸಾಲದು. ನಾಲ್ಕಾರು ಮದ್ದುಗಳನ್ನು ಕೂಡಿಸಿ, ಸರದಿಯಂತೆ, ಎರಡು ಮೂರು ವರ್ಷ ಕೊಡಬೇಕೆಂದು 1960ರ ದಶಕದಲ್ಲಿ ತಿಳಿಯಿತು. ಹಾಗೆ ಕೂಡಿಕೊಂಡವುಗಳಲ್ಲಿ ಒಂದು ವಿನ್‌ಕ್ರಿಸ್ಟಿನ್. ಅದು ಬಂದದ್ದು ಎಲ್ಲಿಂದ ಬಲ್ಲಿರಾ? ನಮ್ಮ ಅಂಗಳದ ತುಳಸಿಕಟ್ಟೆಯ ಸುತ್ತ ಯಾರೂ ನೀರು ಹಾಕದಿದ್ದರೂ ವರ್ಷವಿಡೀ ಗುಲಾಬಿ ಬಣ್ಣದಲ್ಲಿ ಅರಳುವ, ದನವೂ ಮುಟ್ಟದ ಕಾಶಿಕಣಗಿಲೆಯಿಂದ. ಆ ಎಲೆಯ ಕಷಾಯ ಸಕ್ಕರೆ ರೋಗಕ್ಕೆ ಒಳ್ಳೆಯದೆಂಬ ಜನರ ನಂಬಿಕೆಯನ್ನು ಪರೀಕ್ಷಿಸಹೊರಟ ಕೆನಡಾ ದೇಶದವರಿಗೆ ಸಕ್ಕರೆ ಇಳಿದುದು ಕಾಣಲಿಲ್ಲ, ಇಲಿಗಳ ಬಿಳಿಯ ರಕ್ತಕಣ ಇಳಿದುದು ಕಂಡಿತು! ಸುಬ್ಬರಾಯರು ಇದ್ದಿದ್ದರೆ ಈ ಸುದ್ದಿಗೆ ಎಷ್ಟು ಹಿಗ್ಗುತ್ತಿದ್ದರೋ.

ಇಂದು ಸಿರಿವಂತ ದೇಶಗಳಲ್ಲಿ ಈ ರೋಗ ಬಂದ ನೂರು ಮಕ್ಕಳಲ್ಲಿ ಸುಮಾರು ತೊಂಬತ್ತು ಮಕ್ಕಳು ಬದುಕಿ ದೊಡ್ಡವರಾಗುತ್ತಾರೆ. ನಮ್ಮ ದೇಶದಲ್ಲಿ ಅಷ್ಟಿಲ್ಲ. ಮದ್ದು ಇಲ್ಲವೆಂದಲ್ಲ, ಮೆಥೊಟ್ರೆಕ್ಸೇಟ್ ಅಗ್ಗದ ಹಳೆಯ ಮದ್ದು, ಕೀಲುವಾತಕ್ಕೂ ವಾರಕ್ಕೊಮ್ಮೆ ಕೊಡುತ್ತಾರೆ. ರೋಗ ಗೊತ್ತಾಗುವುದು ತ‌ಡ. ಬಿಳಿಚಿದ ಮಗುವನ್ನು ಮೊದಲು ಊರ ದೇವರ ಬಳಿ, ಆಮೇಲೆ ಕಾಮಾಲೆಯ ಔಷಧ ಕೊಡುವವರ ಬಳಿ ತೋರಿಸಿ, ಹುಬ್ಬಳ್ಳಿಗೆ ಒಯ್ಯುವ ಹೊತ್ತಿಗೆ ತಿಂಗಳು ಕಳೆದಿರುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಇದೆ. ಆದರೆ ಕಿರವತ್ತಿಯ ಕೂಲಿಯವನು ಎರಡು ವರ್ಷ ಅಲ್ಲಿಗೆ ಎಡತಾಕುವುದೆಂದರೆ ಮನೆಯ ಒಲೆ ಆರಿದಂತೆ. ಮಗು ಸ್ವಲ್ಪ ಚೇತರಿಸಿಕೊಂಡಿತೆಂದು ನಡುವೆಯೇ ಬಿಟ್ಟುಬಿಡುತ್ತಾರೆ. 1948ರಲ್ಲಿ ಆ ಹತ್ತು ಮಕ್ಕಳಿಗೆ ಆದುದೇ ಆಗ ಇಲ್ಲಿಯೂ ಆಗುತ್ತದೆ: ರೋಗ ಮರಳುತ್ತದೆ.

ಸುಬ್ಬರಾಯರಿಗೆ ನೊಬೆಲ್ ಬರಲಿಲ್ಲ. 1953ರಲ್ಲಿ ಸೂಕ್ಷ್ಮದರ್ಶಕದಲ್ಲಿ ಕಾಣುವ ಒಂದು ಶಿಲೀಂಧ್ರಕ್ಕೆ ಅವರ ನೆನಪಿಗಾಗಿ ಸುಬ್ಬರೋಮೈಸಿಸ್ ಸ್ಪ್ಲೆಂಡೆನ್ಸ್ ಎಂದು ಹೆಸರಿಟ್ಟರು. ಜನ್ಮಶತಾಬ್ದಿಯ ವರ್ಷವಾದ 1995ರಲ್ಲಿ ಭಾರತ ಸರಕಾರ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಬೆಲೆ ಒಂದು ರೂಪಾಯಿ.